ಇನ್ನು ಮುಂದೆ ಮೊದಲು ಮಣ್ಣು, ಆಮೇಲೆ ಕಲ್ಲು

ನಮ್ಮ ಎಲ್ಲಾ ಗ್ರಾಹಕರಿಗೆ ನಮಸ್ಕಾರ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಿಂದ, ನೀವು ನೋಡಿರುವ ಅದೇ ಕೆಲಸದ ಕೊಟ್ಟಿಗೆಯಿಂದ ಈ ಪತ್ರ ಬರೆಯುತ್ತಿದ್ದೇವೆ. ವಿಷಯ ಇಷ್ಟು. ಮನುಷ್ಯರ ಪ್ರತಿಮೆ ಮಾಡಿಸುವವರಿಗೆ ಇನ್ನು ಮುಂದೆ ನಾವು ನೇರವಾಗಿ ಕಲ್ಲಿಗೆ ಉಳಿ ಇಡುವುದಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ಮುಖ ಮಾಡುತ್ತೇವೆ. ನೀವು ಬಂದು ನೋಡಿ, ಸರಿಯಿದೆ ಅಂದ ಮೇಲೆಯೇ ಕಲ್ಲಿನ ಕೆಲಸ ಶುರು. ಇದರಿಂದ ಸುಮಾರು ಒಂದು ತಿಂಗಳು ಜಾಸ್ತಿ ಹಿಡಿಯುತ್ತದೆ. ಖರ್ಚೂ ಸ್ವಲ್ಪ ಏರುತ್ತದೆ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಲ್ವಾ, ಅದಕ್ಕೇ ಈ ಪತ್ರ.

ದೇವರ ವಿಗ್ರಹ ಮಾಡಿಸುವವರು ಚಿಂತೆ ಮಾಡಬೇಡಿ. ಅಲ್ಲಿ ಯಾವ ಬದಲಾವಣೆಯೂ ಇಲ್ಲ. ದೇವರ ವಿಗ್ರಹಕ್ಕೆ ಅಳತೆ ಇದೆ, ಧ್ಯಾನ ಶ್ಲೋಕ ಇದೆ. ನವತಾಳ, ಅಂದರೆ ಒಂಬತ್ತು ಮುಖದಷ್ಟು ಎತ್ತರದ ಲೆಕ್ಕದಲ್ಲಿ ಪೂರ್ತಿ ಎತ್ತರವನ್ನು 108 ಅಂಗುಲವಾಗಿ ಭಾಗ ಮಾಡಿದರೆ ಅದರಲ್ಲಿ 12 ಅಂಗುಲ ಮುಖಕ್ಕೆ. ಕೈಯಲ್ಲಿ ಏನಿರಬೇಕು, ಯಾವ ಕಾಲು ಮಡಚಿರಬೇಕು, ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ. ಕಲ್ಲಿನ ಮೇಲೆ ಗೆರೆ ಎಳೆದು ನೇರವಾಗಿ ಕೆತ್ತಬಹುದು. ನಮ್ಮ ಹಿರಿಯರೂ ಹಾಗೇ ಮಾಡಿದರು, ನಾವೂ ಹಾಗೇ ಮಾಡುತ್ತೇವೆ.

ಆದರೆ ನಿಮ್ಮ ತಂದೆಯ ಮುಖಕ್ಕೆ ಯಾವ ಶ್ಲೋಕದಲ್ಲೂ ಅಳತೆ ಸಿಗುವುದಿಲ್ಲ. ಅದು ಅವರ ಜೊತೆ ಬದುಕಿದವರಿಗೆ ಮಾತ್ರ ಗೊತ್ತು. ಇದನ್ನು ನಾವು ಒಂದು ತಪ್ಪು ಮಾಡಿ ಕಲಿತೆವು.

ಎರಡು ವರ್ಷದ ಹಿಂದೆ ಒಬ್ಬರು ತಮ್ಮ ತಂದೆಯ ಎದೆಮಟ್ಟದ ಪ್ರತಿಮೆ ಮಾಡಿಸಿದರು. ಎರಡೂವರೆ ಅಡಿ, ಕಪ್ಪು ಕಲ್ಲು. ನಮಗೆ ಸಿಕ್ಕಿದ್ದು ಒಂದೇ ಫೋಟೋ, ಸ್ಟುಡಿಯೋದಲ್ಲಿ ಎದುರಿನಿಂದ ತೆಗೆದದ್ದು. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿಕೊಂಡು ಕೆತ್ತಿದೆವು. ಮಗ ಬಂದು ನೋಡಿ ಖುಷಿಪಟ್ಟರು. ಪ್ರತಿಮೆ ತೆಗೆದುಕೊಂಡು ಹೋಗುವ ದಿನ ಅವರ ತಾಯಿಯೂ ಬಂದರು. ಆ ಅಮ್ಮ ಎದುರಿಗೆ ನಿಲ್ಲಲೇ ಇಲ್ಲ. ನೇರವಾಗಿ ಪಕ್ಕಕ್ಕೆ ಹೋಗಿ ಕಿವಿ ಮುಟ್ಟಿ ನೋಡಿದರು. "ಇದು ಅವರ ಕಿವಿ ಅಲ್ಲಪ್ಪ" ಅಂದರು.

ವಿಚಾರಿಸಿದಾಗ ಗೊತ್ತಾಯಿತು. ಯಜಮಾನರು ಚಿಕ್ಕಂದಿನಿಂದ ಕಿವಿಗೆ ಕಡಕು ಹಾಕುತ್ತಿದ್ದರಂತೆ. ಕೊನೆಯ ದಿನಗಳಲ್ಲಿ ತೆಗೆದಿಟ್ಟಿದ್ದರು. ಆದರೆ ಕಿವಿಯ ಹಾಲೆ ಜಗ್ಗಿ ಕೆಳಗೆ ಇಳಿದಿತ್ತು, ತೂತು ಅಗಲವಾಗಿತ್ತು. ಎದುರಿನ ಫೋಟೋದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ನಾವು ಸುಮ್ನೆ ಎಲ್ಲರಿಗೂ ಇರುವಂಥ ಕಿವಿ ಮಾಡಿಬಿಟ್ಟಿದ್ದೆವು. ಹಾಲೆಯನ್ನು ಇನ್ನು ಅರ್ಧ ಇಂಚು ಕೆಳಗೆ ಇಳಿಸೋಣ ಅಂದರೆ ಅಲ್ಲಿ ಕಲ್ಲೇ ಉಳಿದಿರಲಿಲ್ಲ. ತೆಗೆದ ಕಲ್ಲನ್ನು ಮತ್ತೆ ಹಾಕಲು ಆಗುತ್ತದೆಯೇ?

ಆ ಪ್ರತಿಮೆ ಇವತ್ತಿಗೂ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿದೆ. ನಮ್ಮ ಖರ್ಚಿನಲ್ಲೇ ಎರಡನೆಯದನ್ನು ಮಾಡಿಕೊಟ್ಟೆವು. ಈ ಸಲ ಮೊದಲು ಮಣ್ಣಿನಲ್ಲಿ ಮಾಡಿದೆವು. ಆ ಅಮ್ಮ ಒಂದು ಮಧ್ಯಾಹ್ನ ಪೂರ್ತಿ ಅದರ ಪಕ್ಕದಲ್ಲಿ ಕೂತಿದ್ದರು. ಮೊದಲು ಹೇಳಲು ಸಂಕೋಚಪಟ್ಟರು. ಆಮೇಲೆ "ಇಲ್ಲಿ ಇನ್ನೊಂಚೂರು ತುಂಬಿ, ಅವರಿಗೆ ಕೆನ್ನೆ ಇತ್ತು" ಅಂದರು. ಚಿಟಿಕೆ ಮಣ್ಣು ತೆಗೆದು ಅವರ ಕೈಗೇ ಕೊಟ್ಟೆವು. ಅವರೇ ಹೆಬ್ಬೆರಳಿನಿಂದ ಒತ್ತಿ ಮೆತ್ತಿದರು. ಅವರು ಒತ್ತಿದ ಜಾಗವನ್ನು ನಾವು ಆಮೇಲೆ ಮುಟ್ಟಲಿಲ್ಲ. ಕಲ್ಲಿನಲ್ಲೂ ಹಾಗೇ ಬಂದಿದೆ.

ಕಪ್ಪು ಕಲ್ಲಿನದ್ದು ಇನ್ನೊಂದು ಕಷ್ಟ ಇದೆ. ಕೆತ್ತುವಾಗ ಅದು ಕಪ್ಪಗೆ ಇರುವುದಿಲ್ಲ. ಉಳಿಯ ಏಟು ಬಿದ್ದಲ್ಲೆಲ್ಲಾ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಯ ಮಾಡಿ ಎಣ್ಣೆ ಸವರಿದ ಮೇಲೆಯೇ ಕಪ್ಪು ಬರುವುದು. ಆಗ ನೆರಳೆಲ್ಲಾ ಬದಲಾಗುತ್ತದೆ. ಬೂದಿ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತಿದ್ದ ನಗು, ಕಪ್ಪಾದ ಕೂಡಲೇ ಮರೆಯಾಗಬಹುದು. ಹೀಗಾಗಿ ಅರ್ಧ ಕೆಲಸದಲ್ಲಿ ಬಂದು ನೋಡಿದವರಿಗೆ ಮುಖ ಸರಿಯಾಗಿ ತಿಳಿಯುವುದಿಲ್ಲ. ಪೂರ್ತಿ ಮುಗಿದ ಮೇಲೆ ತಿಳಿದರೆ ತಿದ್ದಲು ಆಗುವುದಿಲ್ಲ. ಮಣ್ಣಿನಲ್ಲಾದರೆ ಮೊದಲ ದಿನದಿಂದಲೇ ಮುಖ ಓದಬಹುದು. ಕಲ್ಲಿನಲ್ಲಿ ಯಾವ ಗೆರೆಯನ್ನು ಎಷ್ಟು ಆಳಕ್ಕೆ ಇಳಿಸಬೇಕು ಅಂತ ನಾವೂ ಆಗಲೇ ಲೆಕ್ಕ ಹಾಕಿಕೊಳ್ಳುತ್ತೇವೆ.

ಕನ್ನಡಕದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಂಬೇಡ್ಕರ್ ಪ್ರತಿಮೆ ಮಾಡಿಸುವ ಊರಿನವರಿಂದ ಹಿಡಿದು, ಮೇಷ್ಟ್ರಾಗಿದ್ದ ತಾತನ ಪ್ರತಿಮೆ ಮಾಡಿಸುವವರವರೆಗೆ. "ಬೇಲೂರಿನಲ್ಲಿ ಅಷ್ಟು ಸಣ್ಣ ಸಣ್ಣ ಕೆಲಸ ಮಾಡಿದ್ದಾರೆ, ಒಂದು ಕನ್ನಡಕ ಆಗಲ್ವಾ?" ಅನ್ನುತ್ತಾರೆ. ಬೇಲೂರಿನ ಶಿಲ್ಪಿಗಳ ಕೈಗೆ ನಾವು ದಿನಾ ಕೈ ಮುಗಿಯುತ್ತೇವೆ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಆ ದೇವಸ್ಥಾನದ ಕಲ್ಲು ಬಳಪದ ಕಲ್ಲು. ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಕಾಲ ಕಳೆದ ಹಾಗೆ ಗಟ್ಟಿಯಾಗುತ್ತದೆ. ಅದರಲ್ಲಿ ಬಿಡಿಸಿದ ಹಾಗೆ ಗಡುಸು ಕಲ್ಲಿನಲ್ಲಿ ತೆಳು ಕಡ್ಡಿ ಬಿಡಿಸಿದರೆ, ಸಾಗಿಸುವಾಗಲೇ ಮುರಿಯುತ್ತದೆ. ಆದ್ದರಿಂದ ಕನ್ನಡಕ ಮುಖಕ್ಕೆ ಅಂಟಿಕೊಂಡೇ ಇರಬೇಕು, ಅದರ ಹಿಂದೆ ಕಲ್ಲು ಉಳಿಸಬೇಕು. ಹಾಗೆ ಮಾಡಿದಾಗ ಕಣ್ಣು ಸ್ವಲ್ಪ ಒಳಗೆ ಹೋದಂತೆ ಕಾಣುತ್ತದೆ. ಕೆಲವರಿಗೆ ಅದು ಇಷ್ಟವಾಗುತ್ತದೆ, ಕೆಲವರಿಗೆ ಇಲ್ಲ. ಮಣ್ಣಿನಲ್ಲಿ ಕನ್ನಡಕ ಹಾಕಿಯೂ ತೋರಿಸುತ್ತೇವೆ, ತೆಗೆದೂ ತೋರಿಸುತ್ತೇವೆ. ನೀವೇ ನೋಡಿ ಹೇಳಿ.

ಇನ್ನು ಮಣ್ಣಿನ ಕೆಲಸ ಹೇಗೆ ನಡೆಯುತ್ತದೆ ಅಂತ. ಕೆರೆಯ ಜೇಡಿಮಣ್ಣನ್ನು ನೆನೆಹಾಕಿ, ಸೋಸಿ, ಕಾಲಲ್ಲಿ ತುಳಿದು ಹದ ಮಾಡುತ್ತೇವೆ. ಸ್ವಲ್ಪ ಹೊಸೆದು ಬೆರಳಿಗೆ ಸುತ್ತಿ ನೋಡುತ್ತೇವೆ. ಬಿರಿಯದಿದ್ದರೆ ಹದ ಬಂತು ಅಂತ. ಹಲಗೆಯ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ, ತಂತಿ ಸುತ್ತಿ, ಅದರ ಮೇಲೆ ಮಣ್ಣು ಕಟ್ಟುತ್ತಾ ಹೋಗುತ್ತೇವೆ. ಸರಳಿಲ್ಲದಿದ್ದರೆ ಮಣ್ಣು ತನ್ನ ಭಾರಕ್ಕೇ ಕುಸಿಯುತ್ತದೆ. ರಾತ್ರಿ ಒದ್ದೆ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಇಡುತ್ತೇವೆ. ಹೀಗೆ ಕಾಪಾಡಿದರೂ 15 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ನಮಗೆ ಧೈರ್ಯವಿಲ್ಲ. ಒಂದು ಕಡೆ ಬೇಗ ಒಣಗಿದರೆ ಸಾಕು, ಬಿರುಕು ಬಿಡುತ್ತದೆ. ಅದಕ್ಕೇ ನಾವು ಫೋನ್ ಮಾಡಿ ಕರೆದಾಗ ದಯವಿಟ್ಟು ಆ 15 ದಿನದೊಳಗೆ ಬನ್ನಿ.

ನೀವು ಒಪ್ಪಿದ ಮೇಲೆ ಆ ಮಣ್ಣಿನ ಮೇಲೆ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಒಂದು ಪ್ರತಿ ಎರಕ ಹೊಯ್ಯುತ್ತೇವೆ. ಕಲ್ಲಿಗೆ ಅಳತೆ ಹಾಕುವುದು ಆ ಪ್ಲಾಸ್ಟರ್ ಪ್ರತಿಯಿಂದ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ಅದನ್ನು ನಂಬಿ ಅಳೆಯಲು ಆಗುವುದಿಲ್ಲ. ಮೂಗಿನ ತುದಿ, ಗದ್ದ, ಹುಬ್ಬು, ಹೀಗೆ ಎತ್ತರದ ಜಾಗಗಳನ್ನು ಕೈವಾರದಂಥ ಅಳತೆಯ ಸಾಧನ ಕ್ಯಾಲಿಪರ್ ಹಿಡಿದು ಗುರುತು ಮಾಡಿ ಕಲ್ಲಿಗೆ ತರುತ್ತೇವೆ. ಮೂಗು, ಕಿವಿ ಎರಡನ್ನೂ ಕೊನೆಯವರೆಗೆ ದಪ್ಪವಾಗಿಯೇ ಬಿಟ್ಟಿರುತ್ತೇವೆ. ಕಲ್ಲಿನ ಹೊರಗಿನ ದಿಮ್ಮಿ ತೆಗೆಯಲು ಮೊದಲಿನ ಹಾಗೆ ಬ್ಲೇಡ್ ಮಷಿನ್ ಬಳಸುತ್ತೇವೆ. ಮುಖ ಮಾತ್ರ ಪೂರ್ತಿ ಉಳಿ, ಸುತ್ತಿಗೆಯದ್ದೇ.

ದುಡ್ಡಿನ ವಿಷಯ. ಮಣ್ಣಿನ ಕೆಲಸಕ್ಕೆ ಒಟ್ಟು ಬೆಲೆಯ ಹತ್ತರಲ್ಲಿ ಒಂದು ಪಾಲು ಬೇರೆಯಾಗಿ ತೆಗೆದುಕೊಳ್ಳುತ್ತೇವೆ. ಮಣ್ಣು ನೋಡಿದ ಮೇಲೆ ಬೇಡ ಅನ್ನಿಸಿದರೆ ಅಷ್ಟು ಕೊಟ್ಟರೆ ಸಾಕು. ಕಲ್ಲಿನ ಮುಂಗಡ ನೀವು ಒಪ್ಪಿದ ದಿನವೇ ಹೊರತು ಅದಕ್ಕೆ ಮುಂಚೆ ಇಲ್ಲ. ಈಗಾಗಲೇ ಮುಂಗಡ ಕೊಟ್ಟು ಕಾಯುತ್ತಿರುವವರಿಗೂ ಮಣ್ಣಿನಲ್ಲಿ ಮಾಡಿ ತೋರಿಸುತ್ತೇವೆ. ಅವರಿಂದ ಒಂದು ರೂಪಾಯಿಯೂ ಜಾಸ್ತಿ ಕೇಳುವುದಿಲ್ಲ, ಮೊದಲು ಮಾತಾಡಿದ ಬೆಲೆಯೇ. ಎದೆಮಟ್ಟದ ಪ್ರತಿಮೆಗೆ ಮಣ್ಣಿನ ಮಾದರಿ ಪೂರ್ತಿ ಅಳತೆಯದ್ದು. ನಿಂತ ಅಥವಾ ಕೂತ ಪ್ರತಿಮೆಗೆ ಮುಖ ಮಾತ್ರ ಪೂರ್ತಿ ಅಳತೆ, ಮೈಯನ್ನು ಮೂರರಲ್ಲಿ ಒಂದು ಪಾಲಿನ ಅಳತೆಗೆ ಮಾಡುತ್ತೇವೆ.

ಮಣ್ಣಿನ ಮುಖವನ್ನೇ ಮನೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಆಸೆಪಡುವವರೂ ಇದ್ದಾರೆ. ಮೊದಲೇ ಹೇಳಿದರೆ ಅದನ್ನು ಸರಳಿನಿಂದ ಬಿಡಿಸಿ, ಒಳಗೆ ಟೊಳ್ಳು ಮಾಡಿ, ನೆರಳಲ್ಲಿ ಒಣಗಿಸಿ, ಸುಟ್ಟು ಕೊಡುತ್ತೇವೆ. ಒಣಗಿ ಸುಟ್ಟ ಮೇಲೆ ಸುಮಾರು ಹತ್ತರಲ್ಲಿ ಒಂದು ಪಾಲು ಚಿಕ್ಕದಾಗುತ್ತದೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಸುಡುವಾಗ ಒಮ್ಮೊಮ್ಮೆ ಒಡೆಯುವುದೂ ಉಂಟು. ಬೇಡ ಅಂದರೆ ಆ ಮಣ್ಣನ್ನು ಮತ್ತೆ ನೀರಿಗೆ ಹಾಕಿ, ಇನ್ನೊಬ್ಬರ ಮುಖಕ್ಕೆ ಬಳಸುತ್ತೇವೆ.

ಫೋಟೋ ತರುವಾಗ ಎಷ್ಟು ಸಿಗುತ್ತದೋ ಅಷ್ಟೂ ತನ್ನಿ. ಸ್ಟುಡಿಯೋ ಫೋಟೋ ಒಂದೇ ಸಾಲದು. ಮದುವೆ ಮನೆಯಲ್ಲಿ ಪಕ್ಕಕ್ಕೆ ತಿರುಗಿ ಯಾರ ಜೊತೆಯೋ ಮಾತಾಡುತ್ತಿರುವ ಫೋಟೋ, ಹೊಲದಲ್ಲಿ ಬಗ್ಗಿ ನಿಂತದ್ದು, ಮೊಮ್ಮಗುವನ್ನು ಎತ್ತಿಕೊಂಡದ್ದು, ಮಸುಕಾಗಿದ್ದರೂ ಪರವಾಗಿಲ್ಲ. ಹೊರದೇಶದಲ್ಲಿ ಇರುವವರಿಗೆ ವಿಡಿಯೋ ಕಾಲ್‌ನಲ್ಲಿ ನಾಲ್ಕೂ ಕಡೆಯಿಂದ ತೋರಿಸುತ್ತೇವೆ. ಆದರೂ ಊರಿನಲ್ಲಿರುವ ಯಾರನ್ನಾದರೂ ಒಮ್ಮೆ ಕಳಿಸಿ. ಪರದೆಯಲ್ಲಿ ಕೆನ್ನೆಯ ಉಬ್ಬು ಸರಿಯಾಗಿ ತಿಳಿಯುವುದಿಲ್ಲ.

ಬರುವಾಗ ಅವರ ಜೊತೆ ಜಾಸ್ತಿ ವರ್ಷ ಬಾಳಿದವರನ್ನು ಖಂಡಿತ ಕರೆದುಕೊಂಡು ಬನ್ನಿ. ವಯಸ್ಸಾದವರಿಗೆ ಕಲ್ಲಿನ ಪುಡಿ ಬೀಳದ ಕಡೆ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿರುತ್ತೇವೆ. ಮಣ್ಣಿನ ಮಾದರಿಯನ್ನು ಅಲ್ಲಿಗೇ ಎತ್ತಿಕೊಂಡು ಬರುತ್ತೇವೆ. ಬೆಳಗ್ಗೆ ಹತ್ತರೊಳಗೆ ಬಂದರೆ ಬಿಸಿಲು ಪಕ್ಕದಿಂದ ಬೀಳುತ್ತದೆ, ಮುಖ ಚೆನ್ನಾಗಿ ಕಾಣುತ್ತದೆ.

ನಿಮ್ಮ ವಿಶ್ವಾಸದ,
ಕೆಲಸದ ಕೊಟ್ಟಿಗೆಯ ಶಿಲ್ಪಿಗಳು
ಶಿವಾರಪಟ್ಟಣ