ವೋಟು ಅಷ್ಟೇ ಬಿದ್ರೂ ಸೀಟು ಯಾಕೆ ಇಳೀತು?

ಮಾನ್ಯ ಸಂಪಾದಕರೇ,

ಪಕ್ಷಾಂತರದ ಸುದ್ದಿ ಬಂದಾಗೆಲ್ಲ ಶಾಸಕರಿಗೆ ಮಾನ ಇಲ್ಲ, ಮರ್ಯಾದೆ ಇಲ್ಲ ಅಂತ ಓದುಗರ ಪತ್ರಗಳು ಬರ್ತವೆ, ಬೈಯೋದು ತಪ್ಪಲ್ಲ, ಆದ್ರೆ ಅವರನ್ನ ಹಾಗೆ ಬೆಳೆಸ್ತಿರೋದರಲ್ಲಿ ನಮ್ಮ ಚುನಾವಣಾ ಪದ್ಧತಿಯ ಪಾಲೂ ಇದೆ, ಅದರ ಬಗ್ಗೆ ಮಾತೇ ಇಲ್ಲ.

ನಮ್ಮ ವಿಧಾನಸಭಾ ಚುನಾವಣೆಗಳನ್ನೇ ನೋಡಿ, 2018ರಲ್ಲಿ ಬಿಜೆಪಿಗೆ ಹೆಚ್ಚುಕಮ್ಮಿ ಶೇ.36 ವೋಟು, 104 ಸೀಟು. 2023ರಲ್ಲೂ ಹತ್ತಿರಹತ್ತಿರ ಅದೇ ಶೇ.36, ಸೀಟು ಮಾತ್ರ 66. 2018ರಲ್ಲಿ ಕಾಂಗ್ರೆಸ್‌ಗೆ ಶೇ.38 ಬಿದ್ದಿತ್ತು, ಬಿಜೆಪಿಗಿಂತ ಜಾಸ್ತಿ, ಆದ್ರೂ 80 ದಾಟ್ಲಿಲ್ಲ. 2008ರಲ್ಲೂ ಹೀಗೇ, ವೋಟಲ್ಲಿ ಕಾಂಗ್ರೆಸ್ ಮುಂದೆ, ಸೀಟಲ್ಲಿ ಬಿಜೆಪಿ 110. ಮಂಡ್ಯ ಜಿಲ್ಲೆ ನೋಡಿ, 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್, ಐದು ವರ್ಷಕ್ಕೆ ಅದು ಒಂದಕ್ಕೆ ಇಳೀತು. ಜನ ಅಷ್ಟೊಂದು ಬದಲಾಗಿಬಿಟ್ರಾ? ಒಂದೇ ಒಂದು ವೋಟು ಜಾಸ್ತಿ ಬಂದವನಿಗೆ ಎಲ್ಲಾ, ಎರಡನೇಯವನಿಗೆ ಸೊನ್ನೆ ಅನ್ನೋ ಲೆಕ್ಕದಲ್ಲಿ ಹೀಗೇ ಆಗೋದು. ಜಯನಗರದಲ್ಲಿ 2023ರಲ್ಲಿ ಗೆದ್ದಿದ್ದು 16 ವೋಟಿನ ಅಂತರದಲ್ಲಿ.

ಈ ಲೆಕ್ಕ ಇರೋವರೆಗೂ ಪಕ್ಷಗಳಿಗೆ ಬೇಕಾಗೋದು ಗೆಲ್ಲೋ ಕುದುರೆ. ಸ್ವಂತ ದುಡ್ಡು, ಜಾತಿ ಬಲ, ಊರೂರಲ್ಲಿ ಹುಡುಗರ ಪಡೆ ಇದ್ದು ಆ ಕೊನೇ ಮೂರ್ನಾಲ್ಕು ಸಾವಿರ ವೋಟು ತರೋನಿಗೆ ಟಿಕೆಟ್, ಇಪ್ಪತ್ತು ವರ್ಷ ಬಾವುಟ ಹಿಡಿದ ಕಾರ್ಯಕರ್ತನಿಗೆ ಸಮಾಧಾನದ ಮಾತು. ಗೆದ್ದೋನು ಪಕ್ಷದಿಂದ ನಾನು ಗೆದ್ದೆ ಅಂದ್ಕೊಳಲ್ಲ, ನನ್ನಿಂದ ಪಕ್ಷಕ್ಕೆ ಸೀಟು ಬಂತು ಅಂದ್ಕೊತಾನೆ, ಅದು ಎಷ್ಟೋ ಕಡೆ ನಿಜಾನೂ ಹೌದು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರಕ್ಕೆ ಕೈಕೊಟ್ಟು ಅನರ್ಹರಾದ 17 ಜನ ಶಾಸಕರ ಕಥೆ ನೆನಪಿದೆಯಲ್ಲ, ಆ ಡಿಸೆಂಬರ್‌ನ ಉಪಚುನಾವಣೇಲಿ ಬಿಜೆಪಿ ಟಿಕೆಟ್ ಮೇಲೆ ನಿಂತ 13 ಜನರಲ್ಲಿ 11 ಜನ ಗೆದ್ದೇ ಬಂದ್ರು, ಬಿಜೆಪಿಗೆ ನೆಲೆಯೇ ಇಲ್ಲದ ಕೆ.ಆರ್.ಪೇಟೆಯಲ್ಲೂ. ಕ್ಷೇತ್ರ ಅನ್ನೋದು ಆಸಾಮಿ ಜೊತೆ ನಡ್ಕೊಂಡು ಹೋಯ್ತು.

1985ರ ಪಕ್ಷಾಂತರ ನಿಷೇಧ ಕಾಯ್ದೆ ಇದನ್ನ ತಡೀಲಿಲ್ಲ. ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಟ್ಟಿಗೆ ಒಡೆದು ಹೋದ್ರೆ ಅನರ್ಹತೆ ಇಲ್ಲ ಅನ್ನೋ ದಾರಿನ 2003ರಲ್ಲಿ ಮುಚ್ಚಿದ್ರು, ರಾಜೀನಾಮೆ ಕೊಟ್ಟು ಮತ್ತೆ ನಿಲ್ಲೋ ದಾರಿ ತೆರೆದೇ ಇದೆ. ಇನ್ನೊಂದು ಕಡೆ ವಿಪ್, ಅಂದ್ರೆ ಹೀಗೇ ವೋಟು ಹಾಕ್ಬೇಕು ಅನ್ನೋ ಪಕ್ಷದ ಆದೇಶ, ಅಂತ ಹೇಳಿ ಪ್ರಾಮಾಣಿಕ ಶಾಸಕ ಮಸೂದೆ ಮೇಲೆ ತನ್ನ ಮನಸ್ಸಿನ ಪ್ರಕಾರ ವೋಟು ಹಾಕೋ ಹಾಗಿಲ್ಲ. ಮಾರ್ಕೊಳ್ಳೋನಿಗೆ ದಾರಿ ಉಂಟು, ಯೋಚನೆ ಮಾಡೋನಿಗೆ ಇಲ್ಲ, ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಇದಕ್ಕೆ.

ಇದಕ್ಕೆ ಬೇರೆ ದಾರಿ ಇಲ್ಲ ಅಂತೇನಿಲ್ಲ. ನ್ಯೂಜಿಲೆಂಡ್‌ನಲ್ಲಿ 1978, 1981 ಎರಡೂ ಸಲ ಜಾಸ್ತಿ ವೋಟು ತಗೊಂಡ ಲೇಬರ್ ಪಕ್ಷ ವಿರೋಧ ಪಕ್ಷದಲ್ಲಿ ಕೂತ್ಕೊಳ್ತು, ಜನ ಬೇಸತ್ತು 1993ರ ಜನಮತಗಣನೇಲಿ ಪದ್ಧತಿನೇ ಬದಲಾಯಿಸಿದ್ರು. ಈಗ ಅಲ್ಲಿ ಎರಡು ವೋಟು, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ, ಒಟ್ಟು ಸೀಟು ಪಕ್ಷದ ವೋಟಿನ ಪ್ರಮಾಣಕ್ಕೆ ಹೊಂದುತ್ತೆ. ಪಕ್ಷದ ವೋಟಿನಿಂದ ಬರೋ ಸೀಟಿಗೆ ಯಾರು ಅಂತ ಪಕ್ಷವೇ ಮೊದಲೇ ಕೊಡೋ ಲಿಸ್ಟ್ ಬಂದ್ರೆ ಹೈಕಮಾಂಡ್ ಕೈ ಇನ್ನೂ ಬಲವಾಗುತ್ತೆ ಅನ್ನೋ ಆಕ್ಷೇಪ ಸರಿಯಾದ್ದೇ, ಆದ್ರೆ ಈಗ ಟಿಕೆಟ್ ಹಂಚೋದು ಯಾರು? ಕೊನೇ ಪಕ್ಷ ಉಡುಪಿಯ ಕಾಂಗ್ರೆಸ್ ಮತದಾರನ ವೋಟಿಗೂ ಬೆಲೆ ಬರುತ್ತೆ, 2018, 2023 ಎರಡೂ ಸಲ ಅಲ್ಲಿ ಐದಕ್ಕೆ ಐದೂ ಬಿಜೆಪಿ.

ನಮ್ಮ ಕಾನೂನು ಆಯೋಗವೇ 1999ರ 170ನೇ ವರದೀಲಿ ಲೋಕಸಭೆಗೆ ಶೇ.25ರಷ್ಟು ಸೀಟು ಸೇರಿಸಿ ಅವನ್ನ ಪಕ್ಷಗಳ ವೋಟಿನ ಪ್ರಮಾಣದಲ್ಲಿ ಹಂಚಿ ಅಂದಿತ್ತು. ಕ್ಷೇತ್ರ ಮರುವಿಂಗಡಣೆ ಬಗ್ಗೆ ಇಷ್ಟು ಗಲಾಟೆ ಆಗೋವಾಗ ಆ ವರದಿನ ಯಾರೂ ಎತ್ತಲ್ಲ. ನಮ್ಮ ಸಂಸದರು ಅದನ್ನ ಸದನದಲ್ಲಿ ಕೇಳ್ಬೇಕು. ನಿಮ್ಮಲ್ಲಿ ಒಂದು ವಿನಂತಿ, ಮುಂದಿನ ಫಲಿತಾಂಶದ ದಿನ ಮುಖಪುಟದಲ್ಲಿ ಸೀಟಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ವೋಟಿನ ಶೇಕಡಾವಾರು ಕೂಡ ಹಾಕಿ.

ಇಂತಿ,
ಒಬ್ಬ ಓದುಗ, ಮಂಡ್ಯ