ಸ, ಗ, ಪ ಮೂರೇ ಸ್ವರ: ಆರ್ವೋ ಪ್ಯಾರ್ಟ್ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಎಸ್ಟೋನಿಯಾದ ಸಂಗೀತ ರಚನಕಾರ ಆರ್ವೋ ಪ್ಯಾರ್ಟ್ ಅವರ ಸಂಗೀತ ಕೇಳಿದೆ, ಹಿತವಾಗಿದೆ, ಆದರೆ ಅದರಲ್ಲಿ ಏನೂ ಆಗುವುದೇ ಇಲ್ಲವಲ್ಲ ಎಂದು ಕೇಳಿದ್ದೀಯ. ಧ್ಯಾನದ ವಿಡಿಯೊಗಳ ಹಿಂದೆ, ನಿದ್ದೆ ಬರಿಸುವ ಪಟ್ಟಿಗಳಲ್ಲಿ ಹಾಕಿ ಹಾಕಿ ಎಷ್ಟೋ ಜನಕ್ಕೆ ಹಾಗನ್ನಿಸಿಬಿಟ್ಟಿದೆ. ನಿಜಕ್ಕೂ ಅದು ನಮ್ಮ ಕರ್ನಾಟಕ ಸಂಗೀತದ ವರ್ಣದಷ್ಟೇ ಬಿಗಿಯಾದ ಲೆಕ್ಕದ ಸಂಗೀತ. ಸರಳೆ, ಜಂಟಿ, ಅಲಂಕಾರ ಎಂಬ ಮೊದಲ ಪಾಠಗಳನ್ನು ದಾಟಿ ಬಂದ ನಿನಗೆ ಆ ಲೆಕ್ಕ ಬೇಗ ಹಿಡಿಯುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪ್ಯಾರ್ಟ್ ಹುಟ್ಟಿದ್ದು 1935ರ ಸೆಪ್ಟೆಂಬರ್ 11ರಂದು, ಎಸ್ಟೋನಿಯಾದ ಪೈದೆ ಎಂಬ ಸಣ್ಣ ಊರಲ್ಲಿ. ಬೆಳೆದದ್ದು ರಾಕ್ವೆರೆಯಲ್ಲಿ. ಮನೆಯಲ್ಲಿದ್ದ ಪಿಯಾನೊದ ನಡು ಭಾಗ ಕೆಟ್ಟಿತ್ತು. ತೀರಾ ಮೇಲಿನ, ತೀರಾ ಕೆಳಗಿನ ಮನೆಗಳು (ಕೀಗಳು) ಮಾತ್ರ ಸರಿಯಾಗಿ ನುಡಿಯುತ್ತಿದ್ದವು. ಮುಂದೆ ಅವರು ಬರೆದ ‘ಫ್ಯೂರ್ ಅಲೀನಾ’ ಎಂಬ ಪಿಯಾನೊ ಕೃತಿಯಲ್ಲಿ ತಳದಲ್ಲೊಂದು ಸ್ವರ, ಎತ್ತರದಲ್ಲಿ ಎರಡು ಎಳೆ, ನಡುವೆ ಬಯಲು. ಅದೇ ಕಾರಣ ಎಂದು ಸಾಧಿಸಲು ಹೊರಟರೆ ಅತಿಯಾದೀತು, ಆದರೂ ಈ ಎರಡನ್ನೂ ಒಟ್ಟಿಗೆ ನೆನೆಯದೆ ಇರಲಾಗುವುದಿಲ್ಲ. ಸೇನೆಯ ಬ್ಯಾಂಡಿನಲ್ಲಿ ಓಬೋ ಊದಿ, ಡ್ರಮ್ ಬಾರಿಸಿ, ತಾಲಿನ್ ನಗರದ ಕನ್ಸರ್ವೇಟರಿಯಲ್ಲಿ ಹೈನೋ ಎಲ್ಲರ್ ಬಳಿ ಕಲಿತು 1963ರಲ್ಲಿ ಪದವಿ ಪಡೆದರು. ಓದುತ್ತಿರುವಾಗಲೇ ಎಸ್ಟೋನಿಯಾ ರೇಡಿಯೊದಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಸೇರಿ 1967ರವರೆಗೂ ಅಲ್ಲಿದ್ದರು. ಒಂದು ನಾದ ಹುಟ್ಟಿ ಆರುವವರೆಗೆ ಅದನ್ನೇ ಆಲಿಸುವ ಕಿವಿ ಅಲ್ಲಿ ಪಳಗಿರಬೇಕು.

ಮೊದಲು ಅವರು ಬರೆಯುತ್ತಿದ್ದದ್ದು ಈಗ ನೀನು ಕೇಳಿದ್ದಕ್ಕೆ ಪೂರಾ ವಿರುದ್ಧ. ಹನ್ನೆರಡು ಸ್ವರಸ್ಥಾನಗಳನ್ನೂ ಸರಿಸಮ ಮಾಡಿ ಸಾಲು ಕಟ್ಟುವ ಪದ್ಧತಿಯಲ್ಲಿ 1960ರಲ್ಲಿ ‘ನೆಕ್ರೊಲಾಗ್’ ಬರೆದು ಆಗ ಎಸ್ಟೋನಿಯಾವನ್ನು ಆಳುತ್ತಿದ್ದ ಸೋವಿಯೆತ್ ಅಧಿಕಾರಿಗಳ ಕೋಪಕ್ಕೆ ಗುರಿಯಾದರು. 1968ರ ನವೆಂಬರಿನಲ್ಲಿ ವಾದ್ಯವೃಂದ ನಿರ್ದೇಶಕ ನೀಮೆ ಯಾರ್ವಿ ತಾಲಿನ್‌ನಲ್ಲಿ ನಡೆಸಿಕೊಟ್ಟ ‘ಕ್ರೇಡೋ’ ಇನ್ನೂ ದೊಡ್ಡ ಗದ್ದಲ ಎಬ್ಬಿಸಿತು. ಅದರಲ್ಲಿ ಹಳೆಯ ಜರ್ಮನ್ ರಚನಕಾರ ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್ ಎಂಬ ಪುಟ್ಟ ಕೃತಿ ಶುರುವಾಗಿ, ಹನ್ನೆರಡು ಸ್ವರಗಳ ಅಬ್ಬರದಲ್ಲಿ ಮುಳುಗಿ, ಕೊನೆಗೆ ಮತ್ತೆ ಮೇಲೇಳುತ್ತದೆ. ಅಧಿಕಾರಿಗಳಿಗೆ ಚುಚ್ಚಿದ್ದು ಆ ಅಬ್ಬರವಲ್ಲ, ಯೇಸುಕ್ರಿಸ್ತನನ್ನು ನಂಬುತ್ತೇನೆ ಎನ್ನುವ ಲ್ಯಾಟಿನ್ ಸಾಲು. ಕೃತಿಯನ್ನು ಮತ್ತೆ ನುಡಿಸದಂತೆ ತಡೆದರು.

ಅಲ್ಲಿಂದ ಎಂಟು ವರ್ಷ ಹೆಚ್ಚುಕಡಿಮೆ ಮೌನ. 1971ರ ಮೂರನೇ ಸಿಂಫನಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಹೊರಬರಲಿಲ್ಲ. ಗ್ರೆಗೋರಿಯನ್ ಪಠಣ ಎಂಬ ಚರ್ಚಿನ ಏಕಧ್ವನಿ ಗಾಯನ, ಹಳೆಯ ಚರ್ಚಿನ ಬಹುಧ್ವನಿ ಗಾಯನ, ಇವನ್ನು ಅ ಆ ಇ ಈ ಎಂಬಂತೆ ಮೊದಲಿಂದ ಕಲಿತರು. ಬೈಬಲಿನ ಒಂದು ಕೀರ್ತನೆಯನ್ನು ಓದಿ, ಪುಸ್ತಕ ಬದಿಗಿಟ್ಟು, ಒಂದೇ ಎಳೆಯ ರಾಗಸಾಲು ಬರೆಯುವುದು. ಇಂಥ ಅಭ್ಯಾಸದಲ್ಲಿ ನೋಟ್‌ಬುಕ್ಕಿನ ಮೇಲೆ ನೋಟ್‌ಬುಕ್ ತುಂಬಿದವು. ಹೆಸರು ಮಾಡಿದ ಮೇಲೆ ಮತ್ತೆ ಸರಳೆಗೆ ಕೂರುವ ಈ ಧೈರ್ಯವೇ ಅವರ ಬದುಕಿನ ದೊಡ್ಡ ಘಟನೆ ಎಂಬುದು ನನ್ನ ಎಣಿಕೆ.

1976ರ ಫೆಬ್ರವರಿಯಲ್ಲಿ ಎರಡು ಪುಟದ ‘ಫ್ಯೂರ್ ಅಲೀನಾ’ ಬಂತು. ಇದನ್ನು ಹತ್ತಿರದಿಂದ ನೋಡು. ಪಾಶ್ಚಾತ್ಯ ಬಿ ಸ್ವರವನ್ನು ನಿನ್ನ ಷಡ್ಜ ಎಂದುಕೋ. ಬಲಗೈ ನಡೆಯುವುದು ನಟಭೈರವಿ ರಾಗದ ಏಳು ಸ್ವರಗಳಲ್ಲಿ. ಎಡಗೈಗೆ ಇರುವುದು ಮೂರೇ ಸ್ವರ: ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಬಲಗೈ ಸ್ವರ ಯಾವುದೇ ಇರಲಿ, ಅದಕ್ಕೆ ಕೆಳಗೆ ಅತಿ ಹತ್ತಿರದ ಸ-ಗ-ಪ ಯಾವುದೋ ಅದನ್ನು ಎಡಗೈ ಜೊತೆಯಲ್ಲೇ ನುಡಿಸಬೇಕು. ಅಂದರೆ ರಿ ಮತ್ತು ಗ ಬಂದರೆ ಸ. ಮ ಮತ್ತು ಪ ಬಂದರೆ ಗ. ದ, ನಿ, ಮೇಲಿನ ಸ ಬಂದರೆ ಪ. ಎರಡು ಕೈ ಒಂದೇ ಸ್ವರದಲ್ಲಿ ಎಂದೂ ಕೂಡುವುದಿಲ್ಲ. ದ-ಪ ಒಟ್ಟಿಗೆ ಬಂದಾಗ ಅರೆಸ್ವರದ ಒರಸು, ಪ-ಗ ಬಂದಾಗ ಬಿಡುಗಡೆ. ನೀನು ‘ಹಿತ’ ಎಂದದ್ದರ ಒಳಗೆ ಈ ಒರಸು-ಬಿಡುಗಡೆ ಪ್ರತಿ ಸ್ವರಕ್ಕೂ ನಡೆಯುತ್ತಿರುತ್ತದೆ. ಈ ಪದ್ಧತಿಗೆ ಪ್ಯಾರ್ಟ್ ‘ಟಿಂಟಿನ್ನಾಬುಲಿ’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಪುಟ್ಟ ಗಂಟೆಗಳು ಎಂದರ್ಥ.

ಈ ಕೃತಿಗೆ ತಾಳವಿಲ್ಲ, ಬರಹದಲ್ಲಿ ಸ್ವರದ ಗುರುತಿಗೆ ಕಡ್ಡಿಯೂ ಇಲ್ಲ. ಕಪ್ಪು ತಲೆಯದು ಗಿಡ್ಡ, ಬಿಳಿ ತಲೆಯದು ಉದ್ದ, ಅಷ್ಟೇ. ಒಟ್ಟು 15 ಬಾರ್, ಅಂದರೆ ಗೆರೆ ಹಾಕಿ ಬೇರ್ಪಡಿಸಿದ ಸ್ವರಗುಂಪುಗಳು. ಮೊದಲನೆಯದರಲ್ಲಿ ತಳದ ಷಡ್ಜ ಮಾತ್ರ. ಎರಡನೆಯದರಲ್ಲಿ ಒಂದು ಗಿಡ್ಡ, ಒಂದು ಉದ್ದ. ಮೂರನೆಯದರಲ್ಲಿ ಎರಡು ಗಿಡ್ಡ, ಒಂದು ಉದ್ದ. ಹೀಗೆ ಏಳು ಗಿಡ್ಡದವರೆಗೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ನಮ್ಮ ಮೃದಂಗ ಯತಿಯ ಆಕಾರವೇ! ಇಡೀ ಕೃತಿಯಲ್ಲಿ ಎಡಗೈ ನಿಯಮ ಮುರಿಯುವುದು ಒಂದೇ ಸಲ, 11ನೇ ಬಾರ್‌ನಲ್ಲಿ. ಸ-ಗ-ಪಕ್ಕೆ ಸೇರದ ರಿಷಭವೊಂದು ಬರುತ್ತದೆ. ಪ್ಯಾರ್ಟ್ ಅಲ್ಲಿ ಒಂದು ಹೂವಿನ ಚಿತ್ರ ಬರೆದಿದ್ದಾರೆ. ನಾದ ಆರದಂತೆ ಮೊದಲಿಂದ ಕಾಲಲ್ಲಿ ಒತ್ತಿ ಹಿಡಿದ ಪೆಡಲ್ ಬಿಡುವುದೂ ಆ ಸುಮಾರಿಗೇ.

ಮರುವರ್ಷದ ‘ಕ್ಯಾಂಟಸ್’ ಇಂಗ್ಲೆಂಡಿನ ರಚನಕಾರ ಬೆಂಜಮಿನ್ ಬ್ರಿಟನ್ ನೆನಪಿಗೆ. ನುಡಿಸುವುದು ತಂತಿವಾದ್ಯಗಳು, ಜೊತೆಗೆ ಬಾರಿಸುವ ಗಂಟೆಯೊಂದು. ಇಲ್ಲಿ ಎ ಸ್ವರ ಷಡ್ಜ, ಮತ್ತೆ ನಟಭೈರವಿ, ಅವರೋಹಣ ಮಾತ್ರ. ಸ. ಸ ನಿ. ಸ ನಿ ದ. ಸ ನಿ ದ ಪ. ಪ್ರತಿ ಸಲವೂ ಮೇಲಿಂದ ಹೊರಟು ಒಂದು ಮೆಟ್ಟಿಲು ಹೆಚ್ಚು ಇಳಿಯುವುದು, ಗುರು-ಲಘು ನಡೆಯಲ್ಲಿ. ಮೊದಲ ವಯಲಿನ್‌ಗಳು ಹೊರಡುತ್ತವೆ. ಎರಡನೇ ವಯಲಿನ್‌ಗಳು ಒಂದು ಸ್ಥಾಯಿ ಕೆಳಗೆ, ಅರ್ಧ ವೇಗದಲ್ಲಿ. ವಿಯೋಲಾ ಅದರರ್ಧ, ಚೆಲ್ಲೊ ಅದರರ್ಧ, ಡಬಲ್ ಬಾಸ್ ಅದರ ಅರ್ಧ. ನಾವು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ಒಂದಾದ ಮೇಲೊಂದು ಹಾಡುವುದನ್ನು ಇಲ್ಲಿ ಐದು ಕಾಲದಲ್ಲಿ ಒಟ್ಟಿಗೇ ಬಿಟ್ಟಿದ್ದಾರೆ. ವಯಲಿನ್ 16 ಮಾತ್ರೆ ಸವೆಸುವಷ್ಟರಲ್ಲಿ ಬಾಸ್‌ಗೆ ಒಂದು. ಪ್ರತಿ ಗುಂಪಿನಲ್ಲೂ ಅರ್ಧ ಜನ ಇಳಿಯುತ್ತಾರೆ, ಉಳಿದರ್ಧ ಸ-ಗ-ಪ ನುಡಿಸುತ್ತಾರೆ. ವಿಯೋಲಾಗಳು ಮಾತ್ರ ಹೀಗೆ ಇಬ್ಭಾಗವಾಗದೆ ಒಂಟಿ.

ಕೊನೆ ಕ್ಷಣ ಗಮನಿಸು. ಎಲ್ಲರೂ ತಂಗುವ ಸ್ವರ ತಲುಪಿ ಜೋರಾಗಿ ಹಿಡಿದಿರುವಾಗ ಗಂಟೆಯನ್ನು ಬಹಳ ಮೆತ್ತಗೆ ಹೊಡೆಯುತ್ತಾರೆ. ಆ ಪೆಟ್ಟು ಕೇಳಬಾರದು. ತಂತಿಗಳು ಥಟ್ಟನೆ ನಿಂತಾಗ ಗಂಟೆಯ ಗುಂಯ್ ಮಾತ್ರ ಉಳಿಯುತ್ತದೆ. ಅದರೊಳಗೆ ಅಂತರ ಗಾಂಧಾರ, ಅಂದರೆ ಸಾಧಾರಣಕ್ಕಿಂತ ಅರೆಸ್ವರ ಎತ್ತರದ ಗಾಂಧಾರ ಇದೆ, ತಂಬೂರಿಯ ಮಂದ್ರದಿಂದ ತಾನಾಗಿ ಏಳುತ್ತದಲ್ಲ, ಅದೇ. ಅಷ್ಟೂ ಹೊತ್ತು ಸಾಧಾರಣ ಗಾಂಧಾರದಲ್ಲಿದ್ದ ದುಃಖದ ಮೇಲೆ ಯಾರೂ ನುಡಿಸದ ಅಂತರ ಗಾಂಧಾರ. ಗಂಟೆಯವರು ಪೆಟ್ಟು ಗಟ್ಟಿ ಹಾಕಿದರೆ, ಬೇಗ ಕೈಯಿಟ್ಟು ಆರಿಸಿದರೆ, ಅಥವಾ ಸಭಿಕರು ಚಪ್ಪಾಳೆಗೆ ಅವಸರಪಟ್ಟರೆ ಇದು ಹಾಳು.

ಹಾಡಿಗೆ ಬಂದರೆ ಲೆಕ್ಕವನ್ನು ಪದವೇ ಕೊಡುತ್ತದೆ. ಚರ್ಚಿನ ಪೂಜೆಯ ಪದಗಳಿಗೆ ಬರೆದ 1977ರ ‘ಮಿಸ್ಸಾ ಸಿಲ್ಲಾಬಿಕಾ’ದಲ್ಲಿ ‘ಕಿ-ರಿ-ಎ’ಗೆ ಮೂರು ಸ್ವರ, ‘ಎ-ಲೆ-ಇ-ಸೋನ್’ಗೆ ನಾಲ್ಕು. ಎಷ್ಟು ಉಚ್ಚಾರವೋ ಅಷ್ಟು ಮೆಟ್ಟಿಲು.

ಉಳಿದದ್ದು ಚುಟುಕಾಗಿ. 1980ರಲ್ಲಿ ಹೆಂಡತಿ ನೋರಾ ಮತ್ತು ಮಕ್ಕಳೊಂದಿಗೆ ದೇಶ ಬಿಡಬೇಕಾಯಿತು. ಮೊದಲು ವಿಯೆನ್ನಾ, ಆಮೇಲೆ ಬರ್ಲಿನ್. 1984ರಲ್ಲಿ ಮಾನ್‌ಫ್ರೆಡ್ ಐಖರ್ ತಮ್ಮ ಇಸಿಎಂ ಧ್ವನಿಮುದ್ರಣ ಸಂಸ್ಥೆಯಿಂದ ‘ತಾಬುಲಾ ರಾಸಾ’ ಆಲ್ಬಮ್ ಹೊರತಂದ ಮೇಲೆ ಜಗತ್ತು ಕಿವಿಗೊಟ್ಟಿತು. 2010ರಲ್ಲಿ ತಾಯ್ನಾಡಿಗೆ ಮರಳಿದರು. ತಾಲಿನ್‌ನಿಂದ ಸುಮಾರು 35 ಕಿ.ಮೀ. ದೂರದ ಲೌಲಸ್ಮಾದಲ್ಲಿ, ಪೈನ್ ಮರಗಳ ನಡುವೆ, ಅವರ ಹಸ್ತಪ್ರತಿಗಳಿಗೆಂದೇ ಕಟ್ಟಿದ ಕೇಂದ್ರ 2018ರಲ್ಲಿ ತೆರೆಯಿತು. 2023ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಬಂತು.

ಈಗ ನಿನ್ನಲ್ಲಿರುವ ಕೀಬೋರ್ಡಿನಲ್ಲಿ ಇದನ್ನು ನುಡಿಸಬಹುದೇ ಎಂಬ ವಿಷಯ. 61 ಮನೆಯ ಕೀಬೋರ್ಡಿನಲ್ಲಿ ‘ಫ್ಯೂರ್ ಅಲೀನಾ’ ಆಗದು. ಅದರ ಕೆಳತುದಿ ಸಿ ಸ್ವರಕ್ಕೆ ಮುಗಿಯುತ್ತದೆ, ಬೇಕಾದ ಬಿ ಅದಕ್ಕೂ ಕೆಳಗಿದೆ. ತಂಬೂರಿ ಆ್ಯಪ್ ಹಾಕಿಕೊಂಡು ನುಡಿಸುವ ಯೋಚನೆಯೂ ಬೇಡ. ಆ್ಯಪ್ ಎಡೆಬಿಡದೆ ಮೀಟುತ್ತದೆ, ಇಲ್ಲಿ ಷಡ್ಜವನ್ನು ಒಮ್ಮೆ ಹೊಡೆದು ಆರಲು ಬಿಡಬೇಕು. ಹೊಸಬರು ಮಾಡುವ ದೊಡ್ಡ ತಪ್ಪು, ಬಾರ್ ಬಾರಿಗೂ ಪೆಡಲ್ ಬದಲಿಸುವುದು. ಹಾಗೆ ಮಾಡಿದರೆ ತಂತಿಗಳ ಮೇಲೆ ನಾದ ಅಡಗಿಸುವ ಡ್ಯಾಂಪರ್ ಕೂತು, ತಳದ ತಂತಿಯೊಡನೆ ತಾವೂ ಮಿಡಿಯುತ್ತಿದ್ದ ಮೇಲಿನ ತಂತಿಗಳೆಲ್ಲ ಸತ್ತುಹೋಗುತ್ತವೆ. ಇನ್ನೊಂದು ತಪ್ಪು, ಎಡಗೈ ಜೋರು ಮಾಡುವುದು. ಎರಡು ಸ್ವರ ಒಂದೇ ಗಂಟೆಯಿಂದ ಬಂದಂತಿರಬೇಕು.

ಎಲ್ಲಾದರೂ ನಿಜವಾದ ಪಿಯಾನೊ ಅರ್ಧ ಗಂಟೆ ಸಿಕ್ಕರೂ ಸಾಕು. ಪೆಡಲ್ ಒತ್ತಿ ಹಿಡಿದು, ತಳದ ಎರಡು ಬಿ ಒಟ್ಟಿಗೆ ಒಮ್ಮೆ ನುಡಿಸು. ಕೈ ಎತ್ತು, ಪೆಡಲ್ ಬಿಡಬೇಡ. ಆ ನಾದ ಪೂರ್ತಿ ಆರಲು ಎಷ್ಟು ಸೆಕೆಂಡ್ ಹಿಡಿಯಿತು, ಒಳಗಿಂದ ಪಂಚಮ ಮೊದಲು ಕೇಳಿತೋ ಅಂತರ ಗಾಂಧಾರವೋ, ನನಗೆ ಬರೆ.

ನಿನ್ನ ಗೆಳೆಯ