ಉದಯಕುಮಾರ್ ಅವರನ್ನು ಮರೆತದ್ದೇಕೆ?

ಮಾನ್ಯರೇ,

ರಾಜಕುಮಾರ್, ಕಲ್ಯಾಣಕುಮಾರ್ ಅವರೊಂದಿಗೆ ಕನ್ನಡ ಚಿತ್ರರಂಗದ 'ಕುಮಾರತ್ರಯ'ರಲ್ಲಿ ಒಬ್ಬರೆನಿಸಿದ್ದ ನಟ ಉದಯಕುಮಾರ್ ಅವರನ್ನು ಚಿತ್ರೋದ್ಯಮದ ನೆಲೆಯಾದ ನಮ್ಮ ಗಾಂಧಿನಗರ ಬಹುತೇಕ ಮರೆತೇಬಿಟ್ಟಿರುವುದು ನೋವಿನ ಸಂಗತಿ. 1956ರ 'ಭಾಗ್ಯೋದಯ'ದಿಂದ ಚಿತ್ರರಂಗಕ್ಕೆ ಬಂದ ಈ 'ಕಲಾಕೇಸರಿ', 'ರತ್ನಗಿರಿ ರಹಸ್ಯ'ದಲ್ಲಿ ನಾಯಕರಾಗಿ ಮನಗೆದ್ದರು. ಖಳನಾಗಿ ಹುಬ್ಬು ಗಂಟಿಕ್ಕಿ, ಕಂಚಿನ ಕಂಠದಲ್ಲಿ ಗುಡುಗಿದರೆ ಎದೆ ನಡುಗುತ್ತಿತ್ತು. ಹಾಗೆಂದು ಅಬ್ಬರವೊಂದೇ ಅವರ ಬಂಡವಾಳವಾಗಿರಲಿಲ್ಲ. 1964ರ 'ಚಂದವಳ್ಳಿಯ ತೋಟ'ವನ್ನು ನೋಡಿದವರಿಗೆ ಅವರ ಸಂಯಮದ ಅಭಿನಯವೂ ಗೊತ್ತು. ನನ್ನ ಮಟ್ಟಿಗೆ ಅದೇ ಅವರ ಶ್ರೇಷ್ಠ ಚಿತ್ರ. 1985ರಲ್ಲಿ ಅವರು ತೀರಿಕೊಂಡಾಗ ಹುಟ್ಟಿಯೇ ಇರದ ಇಂದಿನ ಯುವಕರು ಇವನ್ನೆಲ್ಲ ದೊಡ್ಡ ತೆರೆಯ ಮೇಲೆ ನೋಡುವುದೆಲ್ಲಿ?

ಕರ್ನಾಟಕ ಚಲನಚಿತ್ರ ಅಕಾಡೆಮಿಯು ಅವರ ನಾಲ್ಕೈದು ಚಿತ್ರಗಳ ಪ್ರತಿಗಳನ್ನು ಸಂಸ್ಕರಿಸಿ, ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆಯಾದರೂ ಉಚಿತವಾಗಿ ಪ್ರದರ್ಶಿಸಲಿ.

– ಓರ್ವ ಚಿತ್ರಪ್ರೇಮಿ, ಬೆಂಗಳೂರು